ಹಾವಸೆಯ ಲೇಖನ: ನೀವು ಒಂದೇ ಸಾಲಲ್ಲಿ ಮುಗಿಸಿದ ಕಥೆ

ನಮಸ್ಕಾರ,

ಹಾವಸೆ ಮತ್ತು ಮಣ್ಣಿನ ಬ್ಯಾಕ್ಟೀರಿಯಾ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ನನಗೆ ತುಂಬಾ ಇಷ್ಟವಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ಮಣ್ಣಿನ ಗುಣಗಾನ. ತೆಗೆದುಬಿಡಿ. ಮೂರನೇ ಪುಟದಲ್ಲಿ 'ಬ್ಯಾಕ್ಟೀರಿಯಾ ಹಾವಸೆಯ ಬೇರಿನಲ್ಲಿ ನೆಲೆಸಿ ಸಾರಜನಕ ಕೊಡುತ್ತದೆ' ಅಂತ ಒಂದು ಸಾಲಿದೆ. ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿಂದ. ಅದರಲ್ಲಿ ತಪ್ಪೂ ಇದೆ. ಹಾವಸೆಗೆ ಬೇರೇ ಇಲ್ಲ. ನೆಲಕ್ಕೆ ಅಂಟಿಕೊಳ್ಳಲು ಕೂದಲಿನಂಥ ಎಳೆಗಳಿವೆ, ಅಷ್ಟೆ. ಹೆಚ್ಚಿನ ಹಾವಸೆಗಳು ನೀರನ್ನು ಎಲೆಯಿಂದಲೇ ಹೀರುತ್ತವೆ. ಬ್ಯಾಕ್ಟೀರಿಯಾ ಮನೆ ಮಾಡುವುದೂ ಹೆಚ್ಚಾಗಿ ಎಲೆಗಳ ಮೇಲೇ.

ಅಲ್ಲಿಗೆ ಅದು ಹೇಗೆ ಬರುತ್ತದೆ? ಓದುಗರಿಗೆ ಬೇಕಾದದ್ದು ಇದು. ಉತ್ತರದ ಚಳಿಕಾಡುಗಳಲ್ಲಿ ನೆಲದ ತುಂಬ ಹರಡುವ ಪ್ಲೂರೋಜಿಯಂ ಹಾವಸೆಯನ್ನೇ ತೆಗೆದುಕೊಳ್ಳಿ. ಸಾರಜನಕ ಸಾಲದೆ ಹೋದಾಗ ಅದು ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತದೆ. ನಾಸ್ಟಾಕ್ ಎಂಬ ಸಯನೋಬ್ಯಾಕ್ಟೀರಿಯಾ (ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ಮಣಿಸರದಂತೆ ಬೆಳೆಯುವಂಥದ್ದು. ಸುಳಿವು ಸಿಕ್ಕಿದ್ದೇ ತಡ, ಆ ಸರ ತುಂಡಾಗುತ್ತದೆ. ತುಂಡುಗಳು ಹಾವಸೆಯತ್ತ ಜಾರಿಕೊಂಡು ಹೋಗುತ್ತವೆ. ಎಲೆಯ ಕುಳಿಯಲ್ಲಿ, ಎಲೆ-ಕಾಂಡದ ಸಂದಿಯಲ್ಲಿ ತೇವ ನಿಂತಿರುತ್ತದೆ, ಅಲ್ಲೇ ತಂಗುತ್ತವೆ. ಆಮೇಲೆ ಸರದ ನಡುನಡುವೆ ಕೆಲವು ಕೋಶಗಳು ಗೋಡೆ ದಪ್ಪ ಮಾಡಿಕೊಳ್ಳುತ್ತವೆ. ಗಾಳಿಯಿಂದ ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ, ಅದಕ್ಕೇ ಈ ಏರ್ಪಾಡು. ಇಷ್ಟೆಲ್ಲ ನಡೆಯುವಾಗ ಸುಮ್ನೆ 'ಪ್ರಕೃತಿಯ ವಿಸ್ಮಯ' ಅಂತ ಬರೆದು ಮುಂದೆ ಹೋದರೆ ಹೇಗೆ?

'ಹೇರಳ ಸಾರಜನಕ' ಅಂದಿದ್ದೀರಿ. ಎಷ್ಟು? 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಜೋಡಿ ವರ್ಷಕ್ಕೆ ಹೆಕ್ಟೇರಿಗೆ 1.5ರಿಂದ 2 ಕಿಲೋ ಸಾರಜನಕ ಹಿಡಿಯುತ್ತದೆ. ಹೊಲದ ಲೆಕ್ಕದಲ್ಲಿ ಇದು ತೀರಾ ಕಡಿಮೆ. ಸಾರಜನಕವೇ ಸಿಗದ ಆ ಕಾಡಿಗೆ ಮಾತ್ರ ದೊಡ್ಡ ಆಸರೆ. ಈ ಎರಡನ್ನೂ ಹೇಳಿ.

ಹಾವಸೆಯೂ ಬ್ಯಾಕ್ಟೀರಿಯಾವೂ ಸದಾ ಜೊತೆಗಿರುತ್ತವೆ ಎಂದು ನೀವು ಬರೆದದ್ದೂ ಸರಿಯಲ್ಲ. ಉತ್ತರ ಸ್ವೀಡನ್ನಿನಲ್ಲಿ ವಾಹನ ಜಾಸ್ತಿ ಓಡಾಡುವ ರಸ್ತೆಗಳ ಪಕ್ಕದ ಹಾವಸೆಯಲ್ಲಿ ಸಾರಜನಕ ಹಿಡಿಯುವ ಕೆಲಸ ಕುಗ್ಗಿದ್ದು ಕಂಡಿದೆ. ಹೊಗೆಯಿಂದಲೇ ಸಾರಜನಕ ಬೀಳುತ್ತಿದ್ದರೆ ಬ್ಯಾಕ್ಟೀರಿಯಾವನ್ನು ಕರೆಯುವ ಅಗತ್ಯ ಎಲ್ಲಿದೆ? ನಿಮ್ಮ ಲೇಖನದ ಜೀವಾಳ ಇದೇ ಆಗಬಹುದು.

ರೈಜೋಬಿಯಂ, ಅಂದರೆ ದ್ವಿದಳ ಧಾನ್ಯದ ಗಿಡಗಳ ಬೇರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾದ ಭಾಗ ಚೆನ್ನಾಗಿದೆ. ಬೇರುರೋಮ ಸುರುಳಿ ಸುತ್ತಿ ಬ್ಯಾಕ್ಟೀರಿಯಾವನ್ನು ಒಳಗೆ ಹಿಡಿದುಕೊಳ್ಳುವ ವಿವರ ಓದುವಾಗ ಕಣ್ಣಿಗೆ ಕಟ್ಟಿತು. ಅದನ್ನು ಹಾವಸೆಯ ಪಕ್ಕದಲ್ಲೇ ಇಡಿ. ಅಲ್ಲಿ ಗಿಡ ಬೇರಿನಿಂದ ಫ್ಲೇವನಾಯ್ಡ್ ಎಂಬ ರಾಸಾಯನಿಕ ಬಿಟ್ಟು ಕರೆಯುತ್ತದೆ, ಬ್ಯಾಕ್ಟೀರಿಯಾ ತನ್ನದೇ ರಾಸಾಯನಿಕದಿಂದ ಉತ್ತರ ಕೊಡುತ್ತದೆ, ಆಮೇಲೆ ಬೇರುಗಂಟು. ಪ್ಲೂರೋಜಿಯಂನಲ್ಲಿ ಗಂಟೂ ಇಲ್ಲ, ಒಳಕೋಣೆಯೂ ಇಲ್ಲ. ಕೊನೆಯ ಜೈವಿಕ ಗೊಬ್ಬರಗಳ ಪಟ್ಟಿ ಬೇಡ.

ಎಂಟುನೂರು ಪದಗಳೊಳಗೆ ತಿದ್ದಿ ಕಳಿಸಿ. ಖಂಡಿತ ಓದುತ್ತೇನೆ.

ಸಂಪಾದಕ