ಮೂಗು ನಮ್ಮ ಕಡೆ ತಿರುಗಿದಾಗ

ಕ್ಯಾಮೆರಾ ಡ್ರೋನ್ ಹೊಸದಾಗಿ ಕೊಂಡವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನ ಪತ್ರಗಳಲ್ಲಿ ಮೊದಲ ವಾರದ ಕಷ್ಟವೇ ಇದೆ. ನನ್ನ ಉತ್ತರಗಳೂ ಅಲ್ಲೇ ಸುತ್ತುತ್ತವೆ.

ಪ್ರಶ್ನೆ: ರೆಕ್ಕೆಗಳನ್ನು ನಾನೇ ಜೋಡಿಸಿದೆ. ಸ್ಟಾರ್ಟ್ ಮಾಡಿ ಎತ್ತಿದ ಕೂಡಲೇ ಡ್ರೋನ್ ಪಕ್ಕಕ್ಕೆ ಮಗುಚಿತು. ಎರಡನೇ ಸಲವೂ ಹಾಗೇ ಆಯಿತು. ಮೋಟಾರ್ ಕೆಟ್ಟಿದೆಯಾ? ವಾಪಸ್ ಕೊಡಲೇ?

ವಾಪಸ್ ಕೊಡುವ ಮೊದಲು ರೆಕ್ಕೆಗಳನ್ನು ನೋಡಿ. ನಾಲ್ಕೂ ಒಂದೇ ಥರ ಕಂಡರೂ ಅವುಗಳಲ್ಲಿ ಎರಡು ಜಾತಿ. ಎರಡು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ, ಇನ್ನೆರಡು ಅದಕ್ಕೆ ವಿರುದ್ಧವಾಗಿ. ಮೂಲೆಯಿಂದ ಮೂಲೆಗೆ ಎದುರಾಗಿ ಇರುವ ಜೋಡಿ ಒಂದೇ ದಿಕ್ಕು, ಅಕ್ಕಪಕ್ಕದವು ಬೇರೆ ಬೇರೆ ದಿಕ್ಕು. ಡ್ರೋನ್ ಬುಗುರಿಯ ಹಾಗೆ ಗಿರಗಿರ ಸುತ್ತದೆ ಒಂದೆಡೆ ನಿಲ್ಲುವುದು ಈ ಏರ್ಪಾಡಿನಿಂದಲೇ. ಒಂದು ಮೋಟಾರಿಗೆ ತಪ್ಪು ರೆಕ್ಕೆ ಹಾಕಿದರೆ ಅದು ಗಾಳಿಯನ್ನು ಕೆಳಗೆ ತಳ್ಳುವ ಬದಲು ಮೇಲಕ್ಕೆ ತಳ್ಳುತ್ತದೆ. ಆ ಮೂಲೆ ನೆಲ ಬಿಡುವುದಿಲ್ಲ, ಉಳಿದ ಮೂಲೆಗಳು ಏಳುತ್ತವೆ. ಮಗುಚುವುದು ಅದಕ್ಕೇ.

ರೆಕ್ಕೆಯ ನಡುಭಾಗದಲ್ಲಿ ಬಣ್ಣದ ಬಳೆಯೋ ಗೆರೆಯೋ ಒಂದಕ್ಷರವೋ ಇರುತ್ತದೆ. ಅದೇ ಗುರುತು ಮೋಟಾರಿನ ಬಳಿಯೂ ಇರುತ್ತದೆ. ಗುರುತು ನೋಡಿ ಜೋಡಿ ಮಾಡಿ.

ಆದರೆ ಮಗುಚಿ ನೆಲಕ್ಕೆ ಬಡಿದ ರೆಕ್ಕೆಗಳನ್ನು ಹಾಗೇ ಮತ್ತೆ ಹಾಕಬೇಡಿ. ಹೆಬ್ಬೆರಳಿನ ಉಗುರನ್ನು ಅಂಚಿನ ಉದ್ದಕ್ಕೂ ನಿಧಾನಕ್ಕೆ ಎಳೆಯಿರಿ. ಎಲ್ಲಾದರೂ ಉಗುರು ತಡೆದರೆ ಅಲ್ಲಿ ಕಚ್ಚು ಬಿದ್ದಿದೆ ಎಂದರ್ಥ. ಕಣ್ಣಿಗೆ ಕಾಣದ ಕಚ್ಚೂ ಉಗುರಿಗೆ ಸಿಗುತ್ತದೆ. ಅಂಥ ರೆಕ್ಕೆ ತಿರುಗುವಾಗ ನಡುಗುತ್ತದೆ, ನಡುಕ ಕ್ಯಾಮೆರಾಗೂ ಹೋಗುತ್ತದೆ. ವಿಡಿಯೋದಲ್ಲಿ ನೆಟ್ಟಗಿನ ಕಂಬಗಳು ನೀರಿನಲ್ಲಿ ಕಂಡ ಹಾಗೆ ಅಲುಗಾಡುತ್ತವೆ. ನಾನು ಪ್ರತಿ ಹಾರಾಟಕ್ಕೆ ಮೊದಲು ನಾಲ್ಕು ರೆಕ್ಕೆಗಳ ಮೇಲೂ ಉಗುರು ಆಡಿಸುತ್ತೇನೆ. ಅರ್ಧ ನಿಮಿಷದ ಕೆಲಸ.

ಅಂದಹಾಗೆ, ಕ್ಯಾಮೆರಾ ಹಿಡಿದಿರುವ ಗಿಂಬಲ್‌ನ ಪ್ಲಾಸ್ಟಿಕ್ ಕವರ್ ತೆಗೆಯದೆ ಡ್ರೋನ್ ಆನ್ ಮಾಡಬೇಡಿ. ಒಳಗಿನ ಪುಟ್ಟ ಮೋಟಾರ್‌ಗಳು ತಿರುಗಲಾಗದೆ ಒದ್ದಾಡುತ್ತವೆ.

ಪ್ರಶ್ನೆ: ನನಗೆ 58 ವರ್ಷ. ಡ್ರೋನ್ ನನ್ನಿಂದ ದೂರ ಹೋಗುವಾಗ ಚೆನ್ನಾಗಿಯೇ ಹಾರಿಸುತ್ತೇನೆ. ವಾಪಸ್ ತಿರುಗಿಸಿದರೆ ಕೈ ತಬ್ಬಿಬ್ಬಾಗುತ್ತದೆ. ಎಡಕ್ಕೆ ಒತ್ತಿದರೆ ಬಲಕ್ಕೆ ಹೋಗುತ್ತದೆ. ಮೊನ್ನೆ ಗೋಡೆಗೆ ತಾಗಿಸಿಬಿಟ್ಟೆ. ಮಗ ಎರಡೇ ದಿನದಲ್ಲಿ ಕಲಿತ. ನನ್ನ ವಯಸ್ಸಿಗೆ ಇದು ಆಗದ ಕೆಲಸವಾ?

ಖಂಡಿತ ಆಗುತ್ತದೆ. ನಾನು ಮೊದಲ ಸಲ ರಿಮೋಟ್ ಹಿಡಿದಾಗ ನನಗೆ 51. ನಿಮ್ಮ ತೊಂದರೆಯೇ ನನಗೂ ಇತ್ತು.

ಹೆಚ್ಚಿನ ರಿಮೋಟ್‌ಗಳಲ್ಲಿ ಎಡ ಸ್ಟಿಕ್ ಮುಂದೆ ಒತ್ತಿದರೆ ಡ್ರೋನ್ ಏರುತ್ತದೆ, ಹಿಂದೆ ಎಳೆದರೆ ಇಳಿಯುತ್ತದೆ, ಪಕ್ಕಕ್ಕೆ ಒತ್ತಿದರೆ ನಿಂತಲ್ಲೇ ತಿರುಗುತ್ತದೆ. ಬಲ ಸ್ಟಿಕ್ ಅದನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸಾಗಿಸುತ್ತದೆ. ಇದಕ್ಕೆ ಮೋಡ್ 2 ಎನ್ನುತ್ತಾರೆ. ಮೋಡ್ 1ರಲ್ಲಿ ಎತ್ತರದ ಕೆಲಸ ಬಲ ಸ್ಟಿಕ್‌ಗೆ ಹೋಗುತ್ತದೆ. ಒಂದೇ ಡ್ರೋನನ್ನು ಇಬ್ಬರು ಹಾರಿಸುವಾಗ ಯಾರೋ ಒಬ್ಬರು ಆಪ್‌ನಲ್ಲಿ ಮೋಡ್ ಬದಲಾಯಿಸಿರುವುದೂ ಉಂಟು. ಎತ್ತುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳಿ.

ಈಗ ನಿಮ್ಮ ಎಡಬಲದ ವಿಷಯ. ಎದುರು ಕೂತವರ ಎಡಗೈ ನಮ್ಮ ಬಲಕ್ಕೆ ಇರುತ್ತದೆ ಅಲ್ವಾ? ಇದೂ ಅಷ್ಟೇ. ನೀವು ಎಡಕ್ಕೆ ಒತ್ತಿದಾಗ ಡ್ರೋನ್ ತನ್ನ ಎಡಕ್ಕೇ ಹೋಗುತ್ತದೆ, ನಿಮ್ಮ ಎಡ ಅದಕ್ಕೆ ಗೊತ್ತಿಲ್ಲ. ಬಾಲ, ಅಂದರೆ ಡ್ರೋನಿನ ಹಿಂಭಾಗ, ನಿಮ್ಮ ಕಡೆ ಇರುವಷ್ಟು ಹೊತ್ತು ಎರಡೂ ಎಡ ಒಂದೇ. ಮೂಗು, ಅಂದರೆ ಕ್ಯಾಮೆರಾ ಇರುವ ಮುಂಭಾಗ, ನಿಮ್ಮ ಕಡೆ ತಿರುಗಿತೋ, ಬೇರೆಯಾಗುತ್ತವೆ. ಇದು ತಲೆಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಬೆರಳಿಗೆ ಅರ್ಥವಾಗಲು ದಿನಗಳು ಬೇಕು. ಆ ದಿನಗಳನ್ನು ಗೋಡೆ, ಮರ, ಜನ ಯಾವುದೂ ಹತ್ತಿರವಿಲ್ಲದ ಬಯಲಿನಲ್ಲಿ ಕಳೆಯಿರಿ. ಬೆಳಿಗ್ಗೆ ಬೇಗ ಹೋದರೆ ಗಾಳಿಯೂ ಕಡಿಮೆ.

ನಾನು ಕಲಿತ ಕ್ರಮ ಹೇಳುತ್ತೇನೆ. ಮೊದಲ ಎರಡು ಬ್ಯಾಟರಿ ಪೂರ್ತಿ ಬಾಲ ನನ್ನ ಕಡೆ. ಸುಮಾರು 2 ಮೀಟರ್ ಎತ್ತರಕ್ಕೆ ಏರಿಸಿ ನಿಲ್ಲಿಸುವುದು, ಇಳಿಸುವುದು, ಮತ್ತೆ ಏರಿಸುವುದು. ತೀರಾ ಕೆಳಗೆ, ಒಂದಡಿ ಎತ್ತರದಲ್ಲಿ ಹಾರಿಸಿದರೆ ಭಯವಿಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ಅಲ್ಲಿ ರೆಕ್ಕೆಯ ಗಾಳಿ ನೆಲಕ್ಕೆ ಬಡಿದು ವಾಪಸ್ ಬಂದು ಡ್ರೋನನ್ನು ಅಲ್ಲಾಡಿಸುತ್ತದೆ. ಸ್ವಲ್ಪ ಮೇಲೇ ಒಳ್ಳೆಯದು. ಆಮೇಲೆ ಅದೇ ಎತ್ತರದಲ್ಲಿ ಒಂದು ಚೌಕ: ಮುಂದೆ, ಬಲಕ್ಕೆ, ಹಿಂದೆ, ಎಡಕ್ಕೆ. ಅದು ಸಲೀಸಾದ ಮೇಲೆ ಮೂಗನ್ನು ಬಲಕ್ಕೆ ತಿರುಗಿಸಿ ಅದೇ ಚೌಕ. ಆಮೇಲೆ ಎಡಕ್ಕೆ ತಿರುಗಿಸಿ. ಮೂಗು ಎದುರಿಗಿಟ್ಟು ಸುತ್ತುವುದು ಎಲ್ಲಕ್ಕಿಂತ ಕೊನೆಗೆ. ನಿಮ್ಮ ಪತ್ರ ನೋಡಿದರೆ ನೀವು ಈ ಪಕ್ಕದ ಹಂತವನ್ನು ಬಿಟ್ಟು ನೇರವಾಗಿ ಎದುರಿಗೆ ಹೋಗಿದ್ದೀರಿ. ಎಲ್ಲರೂ ಮಾಡುವುದು ಅದನ್ನೇ.

ಮೊದಮೊದಲಿಗೆ ಒಂದು ಉಪಾಯ ನೆನಪಿಟ್ಟುಕೊಳ್ಳಿ. ಮೂಗು ನಿಮ್ಮ ಕಡೆ ಇದ್ದು, ಡ್ರೋನ್ ನಿಮ್ಮ ಎಡಗಡೆಗೆ ಜಾರುತ್ತಿದ್ದರೆ ಬಲ ಸ್ಟಿಕ್ಕನ್ನೂ ಎಡಕ್ಕೇ ಒತ್ತಿ. ಬೀಳುವ ಗೋಡೆಗೆ ಆ ಕಡೆಯಿಂದಲೇ ಊರುಗೋಲು ಕೊಟ್ಟ ಹಾಗೆ. ಜಾರುವುದು ನಿಲ್ಲುತ್ತದೆ.

ಇನ್ನೊಂದು ಇದಕ್ಕಿಂತ ಮುಖ್ಯ. ಗಲಿಬಿಲಿ ಆದಾಗ ಎರಡೂ ಸ್ಟಿಕ್ ಬಿಟ್ಟುಬಿಡಿ. ಜಿಪಿಎಸ್ ಇರುವ ಕ್ಯಾಮೆರಾ ಡ್ರೋನ್ ಕೈ ಬಿಟ್ಟರೆ ತಾನಾಗಿ ನಿಲ್ಲುತ್ತದೆ, ಇದ್ದಲ್ಲೇ ತೇಲುತ್ತದೆ. ಗೋಡೆಗೆ ತಾಗುವ ಕ್ಷಣದಲ್ಲಿ ನಿಮ್ಮ ಬೆರಳು ಏನು ಮಾಡುತ್ತಿತ್ತು ನೆನಪಿಸಿಕೊಳ್ಳಿ. ಇನ್ನೂ ಜೋರಾಗಿ ಒತ್ತುತ್ತಿತ್ತು, ಅಲ್ವಾ? ಹಾಗಾಗಿ ಕೈ ಬಿಡುವುದನ್ನೂ ಅಭ್ಯಾಸ ಮಾಡಬೇಕು. ನಾನು ಹಾರಿಸುತ್ತಾ ಇದ್ದಕ್ಕಿದ್ದ ಹಾಗೆ "ಬಿಡು" ಎಂದು ನನಗೇ ಹೇಳಿಕೊಂಡು ಬೆರಳು ಎತ್ತುತ್ತಿದ್ದೆ. ಸುಮ್ನೆ ಎನಿಸಬಹುದು, ಆದರೆ ನನ್ನ ಡ್ರೋನನ್ನು ಎರಡು ಸಲ ಉಳಿಸಿದ್ದು ಆ ಅಭ್ಯಾಸವೇ.

ಡ್ರೋನನ್ನು ಅತಿ ವೇಗವಾಗಿ ಹಾರಿಸುವ ಸ್ಪೋರ್ಟ್ ಮೋಡ್ ಕಡೆಗೆ ಸದ್ಯಕ್ಕೆ ಹೋಗಬೇಡಿ. ಬಹಳಷ್ಟು ಮಾದರಿಗಳಲ್ಲಿ ಆ ಮೋಡ್‌ನಲ್ಲಿ ಅಡೆತಡೆ ಗುರುತಿಸುವ ಸೆನ್ಸರ್ ಕೆಲಸ ಮಾಡುವುದಿಲ್ಲ. ಪರದೆ ನೋಡಿಕೊಂಡೂ ಕಲಿಯಬೇಡಿ. ಪರದೆಯಲ್ಲಿ ಡ್ರೋನಿನ ಮುಂದೆ ಇರುವುದು ಮಾತ್ರ ಕಾಣುತ್ತದೆ, ಪಕ್ಕದ ಕೊಂಬೆ ಕಾಣುವುದಿಲ್ಲ. ಕಣ್ಣು ಡ್ರೋನಿನ ಮೇಲೇ ಇರಲಿ.

ಮಗನ ಎರಡು ದಿನದ ಲೆಕ್ಕ ಬಿಡಿ. ನನ್ನ ನೋಟ್‌ಬುಕ್ ಪ್ರಕಾರ ಮೂಗು ಎದುರಿಗಿಟ್ಟು ತಪ್ಪಿಲ್ಲದೆ ಒಂದು ಚೌಕ ಸುತ್ತಲು ನನಗೆ 19 ಬ್ಯಾಟರಿ ಬೇಕಾಯಿತು. 20ನೆಯದರಲ್ಲಿ ಸತತ ಮೂರು ಸುತ್ತು ಹಾಕಿದೆ. ಆ ಪುಟದ ಮೂಲೆ ಮಡಚಿಟ್ಟಿದ್ದೇನೆ.

ಪ್ರಶ್ನೆ: ವಾಪಸ್ ಬರುವ ಬಟನ್ ಒಂದು ಇದೆಯಲ್ಲ, ಒತ್ತಿದರೆ ಡ್ರೋನ್ ತಾನಾಗಿ ಹೊರಟಲ್ಲಿಗೆ ಬರುತ್ತದೆ. ಅದಿರುವಾಗ ಇಷ್ಟೆಲ್ಲ ಅಭ್ಯಾಸ ಯಾಕೆ?

ಆ ಬಟನ್ ಒಳ್ಳೆಯದೇ. ಆದರೆ ಅದು ಡ್ರೋನನ್ನು ನಿಮ್ಮ ಹತ್ತಿರ ತರುವುದಿಲ್ಲ. "ಮನೆ" ಎಂದು ಅದು ಗುರುತು ಹಾಕಿಕೊಂಡ ಜಾಗಕ್ಕೆ ಹೋಗುತ್ತದೆ. ಎರಡೂ ಒಂದೇ ಆಗಿರುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಒಮ್ಮೆ ಸಂಜೆ ಬೆಳಕು ಚೆನ್ನಾಗಿದೆ ಎಂದು ಅವಸರ ಮಾಡಿದೆ. ಎತ್ತರದ ಕಟ್ಟಡದ ಪಕ್ಕದಲ್ಲೇ ನಿಂತು, ಉಪಗ್ರಹಗಳ ಸಂಖ್ಯೆ ನೋಡದೆ ಎತ್ತಿಬಿಟ್ಟೆ. ಕಟ್ಟಡದ ಮರೆಯಲ್ಲಿ ಜಿಪಿಎಸ್ ಸಿಕ್ಕಿರಲಿಲ್ಲ. ಡ್ರೋನ್ ಮೇಲೇರಿ, ಮುಂದೆ ಸಾಗಿ, ಪಕ್ಕದ ಕೆರೆಯ ಮೇಲೆ ಬಂದಾಗ ಸಿಕ್ಕಿತು. ಅಲ್ಲೇ ಅದು ತನ್ನ ಮನೆಯ ಗುರುತು ಹಾಕಿಕೊಂಡಿತು. ಬ್ಯಾಟರಿ ಕಡಿಮೆಯಾದಾಗ ನಾನು ಬಟನ್ ಒತ್ತಿದೆ. ಅದು ನೀಟಾಗಿ ಕೆರೆಯ ಮೇಲೆ ಬಂದು ನಿಂತು ಇಳಿಯಲು ಶುರು ಮಾಡಿತು! ಬಟನ್ ಮತ್ತೆ ಒತ್ತಿ ರದ್ದು ಮಾಡಿ, ಸ್ಟಿಕ್ ಹಿಡಿದು ದಡಕ್ಕೆ ತಂದಾಗ ನೀರಿಗೆ ಒಂದಾಳು ಎತ್ತರವಷ್ಟೇ ಬಾಕಿ ಇತ್ತು. ಅವತ್ತು ಕೈಯಲ್ಲಿ ಅಭ್ಯಾಸ ಇಲ್ಲದಿದ್ದರೆ ಡ್ರೋನ್ ಇರುತ್ತಿರಲಿಲ್ಲ.

ಹಾಗಾಗಿ ತೆರೆದ ಜಾಗದಲ್ಲಿ ಇಟ್ಟು ಕಾಯಿರಿ. ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಲೆಕ್ಕ ಹಾಕಲು ಕಡಿಮೆಯೆಂದರೂ 4 ಉಪಗ್ರಹ ಬೇಕು. ನಾನು 10 ದಾಟುವವರೆಗೆ ಕಾಯುತ್ತೇನೆ. ಮನೆಯ ಜಾಗ ದಾಖಲಾಯಿತು ಎಂದು ಆಪ್ ಹೇಳಿದ ಮೇಲಷ್ಟೇ ಎತ್ತಿ.

ವಾಪಸಾಗುವ ಎತ್ತರವನ್ನೂ ಪ್ರತಿ ಜಾಗದಲ್ಲಿ ನೀವೇ ಹಾಕಬೇಕು. ಸುತ್ತಲಿನ ಅತಿ ಎತ್ತರದ ಮರ ಅಥವಾ ಕಟ್ಟಡಕ್ಕಿಂತ ಮೇಲೆ ಇರಲಿ. ಈ ಎತ್ತರದ ಲೆಕ್ಕ ನೀವು ಹೊರಟ ಜಾಗದಿಂದ, ಡ್ರೋನಿನ ಕೆಳಗಿರುವ ನೆಲದಿಂದ ಅಲ್ಲ. ಅದು ಗುಡ್ಡದ ಆಚೆಗೆ ಹೋಗಿದ್ದು, ಗುಡ್ಡ ನಿಮ್ಮ ನೆಲಕ್ಕಿಂತ 50 ಮೀಟರ್ ಎತ್ತರವಿದ್ದು, ನೀವು 40 ಎಂದು ಹಾಕಿದ್ದರೆ ವಾಪಸಿನ ದಾರಿ ಗುಡ್ಡದ ಒಳಗೇ ಹಾದುಹೋಗುತ್ತದೆ.

ಕಾರಿನ ಮೇಲೋ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಮೇಲೋ ಇಟ್ಟು ಡ್ರೋನಿನ ಒಳಗಿನ ಕಂಪಾಸ್ (ದಿಕ್ಸೂಚಿ) ಸರಿಮಾಡಬೇಡಿ. ಕಂಪಾಸ್ ದಾರಿ ತಪ್ಪಿದರೆ ಡ್ರೋನ್ ಒಂದೆಡೆ ನಿಲ್ಲದೆ ಸುತ್ತತೊಡಗುತ್ತದೆ, ಸುತ್ತು ದೊಡ್ಡದಾಗುತ್ತಾ ಹೋಗುತ್ತದೆ. ಮತ್ತೆ ಗಾಳಿ: ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ಬೆನ್ನಿಗಿರಲಿ. ಉಲ್ಟಾ ಮಾಡಿದರೆ ಹೋಗಲು ಖರ್ಚಾದಷ್ಟು ಬ್ಯಾಟರಿ ಬರಲು ಸಾಲುವುದಿಲ್ಲ. ನೆಲದ ಮೇಲೆ ಎಲೆ ಅಲುಗದಿದ್ದರೂ ಮೇಲೆ ಗಾಳಿ ಜೋರಾಗಿರಬಹುದು.

ಪ್ರಶ್ನೆ: ವಿಡಿಯೋ ಸ್ಪಷ್ಟವಾಗಿ ಬರುತ್ತದೆ, ಆದರೆ ಚಲನೆ ತಡೆದು ತಡೆದು ಬಂದಂತೆ ಕಾಣುತ್ತದೆ. ಏನು ಮಾಡಲಿ?

ಬಿಸಿಲಿನಲ್ಲಿ ಕ್ಯಾಮೆರಾ ಶಟರನ್ನು ತೀರಾ ವೇಗ ಮಾಡಿಕೊಂಡಿರುತ್ತದೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುತ್ತಿದ್ದರೆ ಶಟರ್ 1/50 ಸೆಕೆಂಡಿನ ಹತ್ತಿರ ಇಡಿ. ಆಗ ಬೆಳಕು ಜಾಸ್ತಿಯಾಗುತ್ತದೆ, ಅದನ್ನು ತಗ್ಗಿಸಲು ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ ಹಾಕಿ. ತಿರುಗಿಸುವಾಗ ಎಡ ಸ್ಟಿಕ್ಕನ್ನು ಕೂದಲೆಳೆಯಷ್ಟೇ ಸರಿಸಿ. ಮೆಮೊರಿ ಕಾರ್ಡ್ ಮೇಲೆ ವಿ30 ಎಂಬ ವೇಗದ ಗುರುತು ಇದೆಯಾ ಎಂದೂ ನೋಡಿ, ನಿಧಾನದ ಕಾರ್ಡ್ ಆದರೆ ರೆಕಾರ್ಡಿಂಗ್ ನಡುವೆಯೇ ನಿಲ್ಲಬಹುದು.

ಪ್ರಶ್ನೆ: ಮೂರು ತಿಂಗಳು ಕಪಾಟಿನಲ್ಲಿ ಇಟ್ಟಿದ್ದ ಬ್ಯಾಟರಿ ಸ್ವಲ್ಪ ಊದಿಕೊಂಡಿದೆ. ಚಾರ್ಜ್ ಆಗುತ್ತಿದೆ. ಬಳಸಬಹುದಾ?

ಬೇಡ. ದಯವಿಟ್ಟು ಬೇಡ. ಊದಿದೆ ಎಂದರೆ ಒಳಗೆ ಗ್ಯಾಸ್ ಆಗಿದೆ. ಹಾರುವಾಗ ಕೈ ಕೊಡಬಹುದು, ಚಾರ್ಜ್ ಮಾಡುವಾಗ ಬೆಂಕಿಯೂ ಹತ್ತಬಹುದು.

ಪೂರ್ತಿ ಚಾರ್ಜ್ ಮಾಡಿಟ್ಟಿದ್ದಿರಿ ಎಂದು ನನ್ನ ಊಹೆ. ಲಿಥಿಯಂ ಪಾಲಿಮರ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಹಾಗೇ ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ, ಪೂರ್ತಿ ಖಾಲಿ ಮಾಡಿಟ್ಟರೂ ಕೆಡುತ್ತದೆ. ಸುಮಾರು 3.8 ವೋಲ್ಟ್, ಅಂದರೆ ಅರ್ಧದ ಆಸುಪಾಸು, ಅದೇ ಇಡುವ ಮಟ್ಟ. ಹಾರಿಸಿ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ, ಆರಲು ಬಿಡಿ.

ಊದಿದ್ದನ್ನು ಚುಚ್ಚಬೇಡಿ, ಒತ್ತಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು, ಮನೆಯ ಹೊರಗೆ ನೆರಳಿನಲ್ಲಿಡಿ. ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವ ಕಡೆ ಆದಷ್ಟು ಬೇಗ ತಲುಪಿಸಿ. ಕೊಡುವಾಗ ಅದು ಊದಿದ ಬ್ಯಾಟರಿ ಎಂದು ಬಾಯಿಬಿಟ್ಟು ಹೇಳಿ.