ಹೊಸಬರ ಮೇಲ್ ಆರ್ಕೈವ್‌ಗೆ ಸೇರಲು ಎರಡು ದಿನವೇಕೆ?

ಪ್ರಶ್ನೆ: ನಮ್ಮ ಸಂಸ್ಥೆಯ ಮೇಲ್‌ಗಳನ್ನು ಬಹುಕಾಲ ಕಾಯ್ದಿಡುವ ಇಮೇಲ್ ಆರ್ಕೈವ್ ಸರ್ವರ್‌ನ ಹೊಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರ ಖಾತೆಯನ್ನು ಆಕ್ಟಿವ್ ಡೈರೆಕ್ಟರಿಯಲ್ಲಿ (ಸಿಬ್ಬಂದಿಯ ಖಾತೆಗಳನ್ನು ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ತೆರೆದ ಮೇಲೂ ಅವರ ಮೇಲ್‌ಗಳು ಆರ್ಕೈವ್ ಆಗಲು ಎರಡು ದಿನ ಹಿಡಿಯುತ್ತಿದೆ. ಆರ್ಕೈವಿಂಗ್ ಟಾಸ್ಕ್ ರಾತ್ರಿ 10ಕ್ಕೆ ಆರಂಭವಾಗುತ್ತದೆ. ಬಳಕೆದಾರರನ್ನು ಸೇರಿಸುವ ಪ್ರಾವಿಷನಿಂಗ್ ಟಾಸ್ಕ್ ನಸುಕಿನ 2ಕ್ಕೆ. ಎರಡನೆಯದನ್ನು ಗಂಟೆಗೊಮ್ಮೆ ಓಡಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋದಂತೆ ಕಾಣುತ್ತದೆ, ಆದರೆ ಅದರ ಅಗತ್ಯವಿಲ್ಲ. ತೊಂದರೆ ಇರುವುದು ಎರಡು ಟಾಸ್ಕ್‌ಗಳ ಸರದಿಯಲ್ಲಿ. ಸೋಮವಾರ ಬೆಳಿಗ್ಗೆ 11ಕ್ಕೆ ಒಬ್ಬರ ಖಾತೆ ತೆರೆಯಲಾಯಿತು ಎಂದಿಟ್ಟುಕೊಳ್ಳಿ. ಅಂದು ರಾತ್ರಿ 10ಕ್ಕೆ ಆರ್ಕೈವಿಂಗ್ ಆರಂಭವಾದಾಗ ಆ ಹೆಸರು ಅದರ ಪಟ್ಟಿಯಲ್ಲೇ ಇರುವುದಿಲ್ಲ. ನಸುಕಿನ 2ಕ್ಕೆ ಪ್ರಾವಿಷನಿಂಗ್ ಟಾಸ್ಕ್ ಹೆಸರನ್ನು ಸೇರಿಸುವ ಹೊತ್ತಿಗೆ ಆ ಮೇಲ್‌ಬಾಕ್ಸ್‌ನ ಸರದಿ ತಪ್ಪಿಹೋಗಿರುತ್ತದೆ. ಹೀಗಾಗಿ ಮೊದಲ ಮೇಲ್ ಆರ್ಕೈವ್ ಆಗುವುದು ಮಂಗಳವಾರ ರಾತ್ರಿ, ನೀವು ಅದನ್ನು ಕಾಣುವುದು ಬುಧವಾರ ಬೆಳಿಗ್ಗೆ. ಪ್ರಾವಿಷನಿಂಗನ್ನು ರಾತ್ರಿ 8ಕ್ಕೆ ತಂದರೆ ಒಂದು ದಿನ ಉಳಿಯುತ್ತದೆ. ಪ್ರಾವಿಷನಿಂಗ್ ಮುಗಿದ ಮೇಲೆ ಆರ್ಕೈವಿಂಗ್ ತಾನಾಗಿ ಆರಂಭವಾಗುವ ಸೌಲಭ್ಯ ನಿಮ್ಮ ತಂತ್ರಾಂಶದಲ್ಲಿದ್ದರೆ ಅದನ್ನೇ ಆರಿಸಿಕೊಳ್ಳಿ. ಬಳಕೆದಾರರು ಹೆಚ್ಚಿದಂತೆ ಟಾಸ್ಕ್ ಹಿಡಿಯುವ ಸಮಯವೂ ಹೆಚ್ಚುತ್ತದೆ, ಇಂದು ಸಾಕೆನಿಸಿದ ಅಂತರ ಮುಂದಿನ ವರ್ಷ ಸಾಲದೆ ಹೋಗಬಹುದು. ಇನ್ನೊಂದು ಮಾತು: ಋತುವಿಗೆ ತಕ್ಕಂತೆ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಹಲವು ದೇಶಗಳಲ್ಲಿ ನಸುಕಿನ 2 ಗಂಟೆಯ ಆಸುಪಾಸು ಟಾಸ್ಕ್ ಇಡುವುದು ಒಳ್ಳೆಯದಲ್ಲ, ಏಕೆಂದರೆ ವರ್ಷದಲ್ಲಿ ಒಂದು ರಾತ್ರಿ ಆ ಆಸುಪಾಸಿನ ಒಂದು ಗಂಟೆ ಬರುವುದೇ ಇಲ್ಲ, ಮತ್ತೊಂದು ರಾತ್ರಿ ಒಂದು ಗಂಟೆ ಎರಡು ಬಾರಿ ಬರುತ್ತದೆ.

ಸರದಿ ಸರಿಪಡಿಸಿದ ಮೇಲೂ ಕೆಲವರು ಬಿಟ್ಟುಹೋದರೆ ಡೈರೆಕ್ಟರಿಯ ಕಡೆ ನೋಡಬೇಕು. ಆಕ್ಟಿವ್ ಡೈರೆಕ್ಟರಿಯಲ್ಲಿ ಒಂದು ಸೈಟ್‌ನಿಂದ (ಅಂದರೆ ಒಂದು ಕಚೇರಿಯ ಜಾಲದಿಂದ) ಇನ್ನೊಂದಕ್ಕೆ ಬದಲಾವಣೆಗಳು ಹರಡುವ ಅವಧಿ, ಯಾರೂ ಬದಲಿಸದಿದ್ದರೆ, 180 ನಿಮಿಷ. ಸಂಜೆ 6ಕ್ಕೆ ಒಂದು ಕಚೇರಿಯಲ್ಲಿ ತೆರೆದ ಖಾತೆ ಮತ್ತೊಂದು ಕಚೇರಿಯ ಡೊಮೈನ್ ಕಂಟ್ರೋಲರ್‌ಗೆ (ಡೈರೆಕ್ಟರಿಯ ಪ್ರತಿ ಇರುವ ಸರ್ವರ್) 8ರ ಹೊತ್ತಿಗೆ ತಲುಪಿರಲೇಬೇಕೆಂದಿಲ್ಲ. ಗುಂಪಿನೊಳಗೆ ಗುಂಪು ಇಟ್ಟಿದ್ದರೂ ತೊಡಕು ಬರುತ್ತದೆ. ಬಳಕೆದಾರರ ಮೆಂಬರ್‌ಆಫ್ ಎಂಬ ವಿವರದಲ್ಲಿ ಅವರು ನೇರವಾಗಿ ಸೇರಿರುವ ಗುಂಪುಗಳಷ್ಟೇ ಕಾಣುತ್ತವೆ, ಅವರ ಪ್ರಾಥಮಿಕ ಗುಂಪು (ಸಾಮಾನ್ಯವಾಗಿ ‘ಡೊಮೈನ್ ಯೂಸರ್ಸ್’) ಅಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ‘ಡೊಮೈನ್ ಯೂಸರ್ಸ್’ ಗುಂಪನ್ನು ಮೆಂಬರ್‌ಆಫ್‌ನಲ್ಲಿ ಹುಡುಕುವ ಎಲ್‌ಡಿಎಪಿ (ಡೈರೆಕ್ಟರಿಯನ್ನು ಕೇಳುವ ಭಾಷೆ) ಫಿಲ್ಟರ್ ಬಹುತೇಕ ಯಾರನ್ನೂ ಹುಡುಕಿಕೊಡುವುದಿಲ್ಲ. ಆರ್ಕೈವ್‌ಗೆಂದೇ ಒಂದು ಪ್ರತ್ಯೇಕ ಗುಂಪು ಮಾಡಿ ಜನರನ್ನು ನೇರವಾಗಿ ಅದಕ್ಕೆ ಸೇರಿಸುವುದು ನನ್ನ ಸಲಹೆ. ಎಂಟರ್‌ಪ್ರೈಸ್ ವಾಲ್ಟ್‌ನಂಥ ಆರ್ಕೈವ್ ತಂತ್ರಾಂಶದಲ್ಲಿ ಒಬ್ಬರು ಎರಡು ಪ್ರಾವಿಷನಿಂಗ್ ಗುಂಪುಗಳಲ್ಲಿದ್ದರೆ ಪಟ್ಟಿಯಲ್ಲಿ ಮೇಲಿರುವ ಗುಂಪಿನ ನಿಯಮವೇ ಅವರಿಗೆ ಅನ್ವಯಿಸುತ್ತದೆ. ಹಾಗಾಗಿ ಇಡೀ ಸಂಸ್ಥೆಯನ್ನು ಒಳಗೊಳ್ಳುವ ಗುಂಪು ಎಲ್ಲಕ್ಕಿಂತ ಕೆಳಗಿರಬೇಕು.

ಪ್ರಶ್ನೆ: ಕೆಲಸ ಬಿಟ್ಟವರ ಖಾತೆಯನ್ನು ಡೈರೆಕ್ಟರಿಯಿಂದ ಅಳಿಸಿದಾಗ ಅವರ ಆರ್ಕೈವ್ ಕೂಡ ಹೋಗಿಬಿಡುತ್ತದೆಯೇ? ಪ್ರಾವಿಷನಿಂಗ್ ಟಾಸ್ಕ್‌ನ ಸೆಟ್ಟಿಂಗ್‌ನಲ್ಲಿ ‘ಡೈರೆಕ್ಟರಿಯಲ್ಲಿ ಇಲ್ಲದವರನ್ನು ತೆಗೆದುಹಾಕು’ ಎಂಬ ಆಯ್ಕೆ ಇದೆ.

ಉತ್ತರ: ಆ ಆಯ್ಕೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಕೆಲವು ತಂತ್ರಾಂಶಗಳಲ್ಲಿ ಅದು ಲಾಗಿನ್ ಹೆಸರನ್ನಷ್ಟೇ ತೆಗೆಯುತ್ತದೆ, ಕೆಲವುಗಳಲ್ಲಿ ಅದಕ್ಕೂ ಮುಂದೆ ಹೋಗುತ್ತದೆ. ನಿಮ್ಮದು ಯಾವ ಬಗೆಯದೆಂದು ಕೈಪಿಡಿ ಓದಿ, ಒಂದು ಪರೀಕ್ಷಾ ಖಾತೆಯನ್ನು ಅಳಿಸಿ ನೋಡಿ ಖಚಿತಪಡಿಸಿಕೊಳ್ಳಬೇಕು. ನಿಜವಾದ ಅಪಾಯ ಕೆಲಸ ಬಿಟ್ಟವರಿಂದ ಬರುವುದಲ್ಲ, ಕೆಲಸದಲ್ಲಿದ್ದೂ ಪಟ್ಟಿಯಿಂದ ಕಾಣೆಯಾದವರಿಂದ ಬರುತ್ತದೆ. ಆಕ್ಟಿವ್ ಡೈರೆಕ್ಟರಿ ಒಂದು ವಿಚಾರಣೆಗೆ ಒಮ್ಮೆಗೆ 1000 ಹೆಸರುಗಳನ್ನು ಮಾತ್ರ ಕೊಡುವುದು ರೂಢಿ. ಉಳಿದವನ್ನು ಪುಟಪುಟವಾಗಿ ಕೇಳಿ ಪಡೆಯಬೇಕು. ಯಾರೋ ತಾವೇ ಬರೆದುಕೊಂಡ ಸ್ಕ್ರಿಪ್ಟ್‌ನಲ್ಲಿ ಈ ಪುಟಗಳ ವ್ಯವಸ್ಥೆ ಇಲ್ಲದಿದ್ದರೆ, ಸಿಬ್ಬಂದಿ 1000 ದಾಟಿದ ದಿನ, ಮಿಕ್ಕವರೆಲ್ಲ ಸಂಸ್ಥೆ ಬಿಟ್ಟುಹೋದರೆಂದೇ ಅದು ತಿಳಿಯುತ್ತದೆ. ಯಾರೋ ಡೈರೆಕ್ಟರಿಯಲ್ಲಿ ಖಾತೆಗಳನ್ನು ಇಡುವ ಒಂದು ಘಟಕದ (ಒಯು) ಹೆಸರು ಬದಲಿಸಿದರೆಂದು ಫಿಲ್ಟರ್ ಖಾಲಿ ಪಟ್ಟಿ ತಂದರೂ ಫಲ ಅದೇ. ಆದ್ದರಿಂದ ಒಂದೇ ಸಲಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಹೆಸರು ತೆಗೆಯಬೇಕಾಗಿ ಬಂದರೆ ಟಾಸ್ಕ್ ತಾನೇ ನಿಂತು ನಿಮಗೆ ತಿಳಿಸುವಂತೆ ಮಿತಿ ಹಾಕಿಡಿ, ಮತ್ತು ಯಾವುದೇ ಹೊಸ ಸೆಟ್ಟಿಂಗನ್ನು ಮೊದಲು ವರದಿ ಮಾತ್ರ ಕೊಡುವ ವಿಧಾನದಲ್ಲಿ ಓಡಿಸಿ, ಆ ವರದಿಯನ್ನು ಪೂರ್ತಿ ಓದಿದ ಮೇಲೆ ಜಾರಿಗೆ ತನ್ನಿ.

ಕೆಲಸ ಬಿಟ್ಟವರ ಖಾತೆಯನ್ನು ಕೂಡಲೇ ಅಳಿಸದೆ ನಿಷ್ಕ್ರಿಯಗೊಳಿಸುವುದು ಒಳ್ಳೆಯದು. ಖಾತೆಯ ಸ್ಥಿತಿಯನ್ನು ಸೂಚಿಸುವ ಯೂಸರ್‌ಅಕೌಂಟ್‌ಕಂಟ್ರೋಲ್ ಮೌಲ್ಯ ಸಾಮಾನ್ಯ ಖಾತೆಯಲ್ಲಿ 512 ಇದ್ದದ್ದು ಆಗ 514 ಆಗುತ್ತದೆ. ಟಾಸ್ಕ್ ಅದನ್ನು ಗುರುತಿಸಿ ಲಾಗಿನ್ ಮುಚ್ಚಲಿ, ಆರ್ಕೈವ್ ತನ್ನ ಕಾಯ್ದಿಡುವ ಅವಧಿ ಮುಗಿಯುವವರೆಗೆ ಇದ್ದಲ್ಲೇ ಇರಲಿ. ಬಳಕೆದಾರರನ್ನು ಇಮೇಲ್ ವಿಳಾಸದಿಂದ ಗುರುತಿಸುವ ಅಭ್ಯಾಸವನ್ನೂ ಬಿಡಿ. ಮದುವೆಯಾಗಿ ಹೆಸರು ಬದಲಾದರೆ ಒಬ್ಬರಿಗೇ ಎರಡು ಆರ್ಕೈವ್ ಹುಟ್ಟುತ್ತವೆ. ಹಳೆಯ ವಿಳಾಸವನ್ನು ಹೊಸಬರಿಗೆ ಕೊಟ್ಟರಂತೂ ಹಿಂದಿನವರ ಮೇಲ್‌ಗಳೆಲ್ಲ ಅವರ ಕಣ್ಣಿಗೆ ಬೀಳುತ್ತವೆ. ಬದಲಿಗೆ ಡೈರೆಕ್ಟರಿ ಪ್ರತಿ ಖಾತೆಗೂ ಕೊಡುವ ಆಬ್ಜೆಕ್ಟ್‌ಗೈಡ್ ಎಂಬ ಗುರುತನ್ನು ಬಳಸಿ, ಅದು ಹೆಸರು ಬದಲಾದರೂ, ಘಟಕ ಬದಲಾದರೂ ಬದಲಾಗುವುದಿಲ್ಲ.

ಪ್ರಶ್ನೆ: ಜರ್ನಲಿಂಗ್ ಇದ್ದರೂ ಪ್ರಾವಿಷನಿಂಗ್ ಬೇಕೇ?

ಉತ್ತರ: ಬೇಕು. ಜರ್ನಲಿಂಗ್ ಇದ್ದಲ್ಲಿ ಪ್ರತಿ ಮೇಲ್‌ನ ಒಂದು ನಕಲು ಸಾಗಣೆಯಲ್ಲೇ ಸಿಕ್ಕಿಬಿಡುವುದರಿಂದ ಪ್ರಾವಿಷನಿಂಗ್ ತಡವಾದರೂ ಮೇಲ್ ಕಳೆದುಹೋಗದು, ಆದರೆ ಅದು ಯಾರದೆಂದು ಹೇಳುವ ಖಾತೆ ಆರ್ಕೈವ್‌ನಲ್ಲಿ ಇಲ್ಲದ ತನಕ ಆ ವ್ಯಕ್ತಿ ತನ್ನ ಮೇಲ್ ಹುಡುಕಲಾರ. ಜರ್ನಲಿಂಗ್ ಇಲ್ಲದಿದ್ದರೆ, ಸೇರ್ಪಡೆಗೆ ಮುನ್ನ ಬಳಕೆದಾರರು ಅಳಿಸಿಹಾಕಿದ ಮೇಲ್ ಆರ್ಕೈವ್‌ಗೆ ಬರುವುದೇ ಇಲ್ಲ.

ಪ್ರಶ್ನೆ: ಈ ಪ್ರಾವಿಷನಿಂಗ್ ಟಾಸ್ಕ್ ಯಾವ ಖಾತೆಯಡಿ ಓಡಬೇಕು? ಈಗ ಅದು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿದೆ.

ಉತ್ತರ: ಇಂದೇ ಬದಲಿಸಿ. ಡೈರೆಕ್ಟರಿಯನ್ನು ಓದುವ ಕೆಲಸಕ್ಕೆ ಓದುವ ಅನುಮತಿಯಷ್ಟೇ ಸಾಕು. ಆರ್ಕೈವ್ ಸರ್ವರ್‌ನಲ್ಲಿ ಆ ಟಾಸ್ಕ್‌ಗೆ ಏನು ಬೇಕೋ ಅದನ್ನು ಮಾತ್ರ ಹೆಚ್ಚಿಗೆ ಕೊಡಿ. ಸಂಪರ್ಕ 389ನೇ ಪೋರ್ಟ್‌ನ ಬರಿಯ ಎಲ್‌ಡಿಎಪಿಯಲ್ಲಿದ್ದರೆ 636ಕ್ಕೆ, ಅಂದರೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಲ್‌ಡಿಎಪಿಎಸ್‌ಗೆ ಬದಲಾಯಿಸಿ. ಪಾಸ್‌ವರ್ಡ್ ಅವಧಿ ಮುಗಿದು ಟಾಸ್ಕ್ ಸದ್ದಿಲ್ಲದೆ ನಿಂತುಹೋಗುವುದು ಈ ಕೆಲಸದಲ್ಲಿ ತೀರಾ ಸಾಮಾನ್ಯ. ವಿಂಡೋಸ್ ಸರ್ವರ್ 2012ರಿಂದ ಬಂದ, ಟಾಸ್ಕ್‌ಗಳಿಗೆಂದೇ ಇರುವ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಎಂಬ ಖಾತೆ ತನ್ನ ಪಾಸ್‌ವರ್ಡನ್ನು ಸಾಮಾನ್ಯವಾಗಿ 30 ದಿನಕ್ಕೊಮ್ಮೆ ತಾನೇ ಬದಲಿಸಿಕೊಳ್ಳುವುದರಿಂದ, ನಿಮ್ಮ ತಂತ್ರಾಂಶ ಅದಕ್ಕೆ ಒಪ್ಪುವುದಾದರೆ ಅದನ್ನೇ ಬಳಸಿ. ಒಪ್ಪದಿದ್ದರೆ, ಟಾಸ್ಕ್ ವಿಫಲವಾದಾಗ ಮಾತ್ರವಲ್ಲ, ನಿಗದಿತ ಹೊತ್ತಿಗೆ ಓಡದೇ ಇದ್ದಾಗಲೂ ನಿಮಗೆ ಎಚ್ಚರಿಕೆ ಬರುವಂತೆ ಏರ್ಪಾಟು ಮಾಡಿಕೊಳ್ಳಿ.