ತಾಯಿಯ ಮಂಡಿನೋವಿಗೆ ಬಿಸಿನೆಸ್ ಕ್ಲಾಸ್ ಬೇಕೆ?

ಒಂದೂಕಾಲು ಗಂಟೆಯ ವಿಮಾನ ಪ್ರಯಾಣ, ಜೊತೆಗೆ ಮಂಡಿನೋವಿರುವ ತಾಯಿ. ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ನೀವೊಬ್ಬರೇ ಹೋಗುವುದಾಗಿದ್ದರೆ ಖಂಡಿತ ಬೇಡ ಎನ್ನುತ್ತಿದ್ದೆ. ಏರುವಾಗ, ಇಳಿಯುವಾಗ ಬೆಲ್ಟ್ ಕಟ್ಟಿಕೊಂಡು ಕೂರುವ ಹೊತ್ತನ್ನು ಕಳೆದರೆ ಊಟೋಪಚಾರಕ್ಕೆ ಉಳಿಯುವುದು ಅರ್ಧ ಗಂಟೆಯ ಆಸುಪಾಸು. ಅಷ್ಟಕ್ಕೆ ದುಪ್ಪಟ್ಟು ಹಣ ಸುರಿಯುವುದು ದಂಡ.

ತಾಯಿಯವರ ವಿಷಯ ಬೇರೆ. ಆದರೆ ಮೊದಲು ಆಸನದ ನಕ್ಷೆ ನೋಡಿ. ಏರ್‌ಬಸ್ ಎ320, ಬೋಯಿಂಗ್ 737ರಂಥ ವಿಮಾನಗಳಲ್ಲಿ ಕೆಲವು ಸಂಸ್ಥೆಗಳು ಸಾಲಿಗೆ ನಾಲ್ಕೇ ಅಗಲವಾದ ಆಸನ ಹಾಕುತ್ತವೆ. ಯುರೋಪಿನ ಹಲವು ಸಂಸ್ಥೆಗಳು ಮಾಮೂಲಿ ಆಸನವನ್ನೇ ಕೊಟ್ಟು ನಡುವಿನದನ್ನು ಖಾಲಿ ಬಿಡುತ್ತವೆ, ಅಷ್ಟೇ. ಅಂಥದ್ದಾದರೆ ಮಂಡಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ.

ಕಾಲು ಚಾಚಲು ಜಾಗವಿದೆಯೆಂದು ತುರ್ತು ದ್ವಾರದ ಸಾಲನ್ನು ಮಾತ್ರ ಕಾಯ್ದಿರಿಸಬೇಡಿ. ಬಾಗಿಲು ತೆರೆಯಲು ನೆರವಾಗಲಾರದವರನ್ನು ಅಲ್ಲಿ ಕೂರಿಸುವುದಿಲ್ಲ. ಎಕಾನಮಿಯ ಮೊದಲ ಸಾಲು ಒಳ್ಳೆಯದು, ಆದರೆ ಅಲ್ಲಿ ಕೈ ಊರುವ ಆರ್ಮ್‌ರೆಸ್ಟ್ ಸಾಮಾನ್ಯವಾಗಿ ಮೇಲೇಳುವುದಿಲ್ಲ. ಏಳಲು, ಕೂರಲು ತಾಯಿಯವರಿಗೆ ಅದು ತೊಡಕಾಗಬಹುದು. ನಿಜವಾಗಿ ಮಂಡಿ ಸೋಲುವುದು ನಿಲ್ದಾಣದ ಉದ್ದುದ್ದ ನಡಿಗೆಯಲ್ಲಿ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿಡಿ, ಅದಕ್ಕೆ ಬಿಸಿನೆಸ್ ಕ್ಲಾಸ್ ಬೇಕಿಲ್ಲ. ಚೆಕ್-ಇನ್ ವೇಳೆ ಅಗಲವಾದ ಆಸನ ಅಗ್ಗಕ್ಕೆ ಸಿಕ್ಕರೆ, ಯೋಚಿಸದೆ ತಾಯಿಯವರಿಗೆ ಕೊಡಿಸಿ.